ಕೊಟ್ಟಿಗೆಯ ಫಿಯೆಟ್ಟಿಗೆ ತಂದ ಗ್ಯಾಸಿಲ್ಲದ ವೆಲ್ಡಿಂಗ್ ಮಿಷಿನ್: ಟಿ.ವಿ.ಯವರು ತೋರಿಸದೆ ಬಿಡುವ ಕೆಲಸಕ್ಕೆ ಇದು ಸಾಕಾ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹಳೆ ಕಾರಿನ ತಳ, ಸಿಲ್ಲು (ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ತೊಲೆ), ಬಾಗಿಲಿನ ಕೆಳಗಿನ ಅಂಚು ಇವನ್ನು ಮನೆಯಲ್ಲೇ ಕೊಯ್ದು ಹೊಸ ತಗಡು ಕೂರಿಸುವ ಆಸೆ ಇದ್ದವರು ಗ್ಯಾಸಿಲ್ಲದ ಮಿಗ್, ಅಂದರೆ ತಂತಿಯನ್ನು ತಾನೇ ಮುಂದೂಡಿ ಬೆಸೆಯುವ ವೆಲ್ಡಿಂಗ್ ಮಿಷಿನ್ ಕೊಳ್ಳಬಹುದು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಡಿಸ್ಕವರಿ ಚಾನೆಲ್ಲಿನಲ್ಲಿ ಕಾರು ರಿಪೇರಿ ನೋಡಿ, ಈ ಮಿಷಿನ್ ತಂದರೆ ಬರುವ ಚೌತಿಗೆ ಗಾಡಿ ರಸ್ತೆಗಿಳಿಯುತ್ತೆ ಅಂತ ಲೆಕ್ಕ ಹಾಕಿಕೊಂಡಿದ್ದರೆ ಸ್ವಲ್ಪ ತಡೆಯಿರಿ. ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ.

ನನ್ನದು 160 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ಮಿಷಿನ್. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. 12 ಸಾವಿರದಿಂದ 20 ಸಾವಿರದೊಳಗೆ ಸಿಗುವ ಈ ದರ್ಜೆಯ ಮಿಷಿನ್‌ಗಳ ಗುಣ-ದೋಷ ಹೆಚ್ಚುಕಮ್ಮಿ ಒಂದೇ ತರಹ, ನಾನು ಹೇಳುವುದೆಲ್ಲ ಅವಕ್ಕೂ ಹೊಂದುತ್ತೆ. ಒಳಗೆ ತಂತಿಯ ಸುರುಳಿ ಕೂರುತ್ತೆ, ಟಾರ್ಚಿನ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿಕೆಯ) ಗುಂಡಿ ಒತ್ತಿದರೆ ತಂತಿ ತಾನಾಗಿ ಮುಂದೆ ಬರುತ್ತೆ. ಆ ತಂತಿ ಟೊಳ್ಳು, ಅದರ ಹೊಟ್ಟೆಯಲ್ಲಿ ಫ್ಲಕ್ಸ್ ಪುಡಿ ತುಂಬಿರುತ್ತೆ. ಪುಡಿ ಉರಿದು ಎದ್ದ ಹೊಗೆಯೇ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ತಡೆಯುವುದರಿಂದ ಸಿಲಿಂಡರ್ ಬೇಕಿಲ್ಲ. ಮೇಗರವಳ್ಳಿ ಕಡೆಯ ತೋಟದ ಮನೆಯಿಂದ ಗ್ಯಾಸ್ ಸಿಲಿಂಡರ್ ತುಂಬಿಸಲು ಶಿವಮೊಗ್ಗಕ್ಕೆ ಹೋಗಿಬರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಮೂರು ಕಡೆ ತೆರೆದ ಕೊಟ್ಟಿಗೆಯಲ್ಲಿ ಗಾಳಿ ಬೀಸಿದರೆ ಗ್ಯಾಸ್ ಮಿಗ್ಗಿನ ಹೊದಿಕೆ ಹಾರಿಹೋಗಿ ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರ ಬೀಳುತ್ತವೆ. ಫ್ಲಕ್ಸ್ ತಂತಿಗೆ ಆ ಕಾಟ ಬಹಳ ಕಡಿಮೆ.

ಕಾರು ನಮ್ಮ ಮಾವನವರದು, 1985ರ ಪ್ರೀಮಿಯರ್ ಪದ್ಮಿನಿ. ಊರವರಿಗೆ ಅದು ಇವತ್ತಿಗೂ ಫಿಯೆಟ್ಟೇ. 1964ರಲ್ಲಿ ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾದ ಗಾಡಿ 1970ರ ದಶಕದಲ್ಲಿ ಪದ್ಮಿನಿಯಾಯಿತು. 1,089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರ್, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಎಂಜಿನ್ ವಿಷಯಕ್ಕೆ ನಾನು ಹೋಗುವುದಿಲ್ಲ. ತೀರ್ಥಹಳ್ಳಿಯ ಯಾವ ಹಳೆ ಮೆಕ್ಯಾನಿಕ್ಕಾದರೂ ಅದನ್ನು ಬಿಚ್ಚಿ ಕಟ್ಟುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಿಡಿಭಾಗವೂ ಸಿಗುತ್ತೆ. ನಮ್ಮ ಸೀಮೆಯಲ್ಲಿ ಹಳೆ ಕಾರನ್ನು ಕೊಲ್ಲುವುದು ತುಕ್ಕು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೊಟ್ಟಿಗೆಯಲ್ಲಿ ನಿಂತ ಕಾರಿನ ಕಾರ್ಪೆಟ್ ಒಣಗುತ್ತದೆಯೇ? ಬಾಗಿಲಿನ ಕೆಳಗೆ ನೀರು ಇಳಿದುಹೋಗಲು ತೂತುಗಳಿರುತ್ತವೆ. ಎಲೆಪುಡಿ, ಧೂಳು ಕೂತು ಅವು ಮುಚ್ಚಿಕೊಂಡರೆ ನೀರು ಬಾಗಿಲ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ತಿನ್ನುತ್ತೆ. ಅಡಿಕೆಯವರ ಮನೆಯಲ್ಲಿ ಇನ್ನೊಂದು ಶತ್ರುವೂ ಇದೆ. ಅಡಿಕೆಯ ಕೊಳೆ ರೋಗದ ಔಷಧಿಗೆ ತಂದ ಮೈಲುತುತ್ತದ ಚೀಲ, ಬೋರ್ಡೋ ದ್ರಾವಣ ಹೊಡೆದ ದೋಟಿ-ಪೈಪು, ಎಲ್ಲ ಕಾರಿನ ಪಕ್ಕದಲ್ಲೇ ಇಡುವುದು ರೂಢಿ. ಒದ್ದೆ ಮೈಲುತುತ್ತ ಕಬ್ಬಿಣಕ್ಕೆ ತಾಗಿದರೆ ಅದರಲ್ಲಿನ ತಾಮ್ರ ತಗಡಿನ ಮೇಲೆ ಕೂರುತ್ತೆ, ಕೆಳಗಿನ ಕಬ್ಬಿಣ ಬೇಗ ಬೇಗ ಕರಗಿಹೋಗುತ್ತೆ. ನಮ್ಮ ಗಾಡಿಯ ಎಡಗಡೆ ಸಿಲ್ಲು ಬಲಗಡೆಗಿಂತ ಹೆಚ್ಚು ಹಾಳಾಗಿತ್ತು, ಚೀಲಗಳಿದ್ದದ್ದೂ ಎಡಗಡೆಗೇ. ಹಳೆ ಗಾಡಿ ಇಟ್ಟುಕೊಂಡವರು ಬೇರೇನು ಮಾಡದಿದ್ದರೂ ಮೈಲುತುತ್ತವನ್ನು ಇವತ್ತೇ ಬೇರೆ ಕಡೆ ಸಾಗಿಸಿ.

ಈಗ ಟಿ.ವಿ. ವಿಷಯ. 2003ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವೀಲರ್ ಡೀಲರ್ಸ್ ಕಾರ್ಯಕ್ರಮವನ್ನು ನಮ್ಮನೆಯಲ್ಲಿ ಊಟ ಬಿಟ್ಟು ನೋಡುತ್ತಿದ್ದೆವು. ಮೈಕ್ ಬ್ರೂವರ್ ಚೌಕಾಸಿ ಮಾಡಿ ಕಾರು ತರುವುದು, ಕಿತ್ತಳೆ ಬಣ್ಣದ ಗ್ಲೌಸು ಹಾಕಿದ ಎಡ್ ಚೈನಾ ಅದನ್ನು ಬಿಚ್ಚಿ ಸರಿಮಾಡುವುದು. ಎಡ್ ಚೈನಾ ನನಗೆ ಗುರುವಿನ ಸಮಾನ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಳಗೆ ಏನು ನಡೆಯುತ್ತೆ ಅಂತ ನನಗೆ ಮೊದಲು ಅರ್ಥವಾದದ್ದು ಅವರು ಕೈಯಲ್ಲಿ ಹಿಡಿದು ತೋರಿಸಿದಾಗ. ಹಾಗಾಗಿ ಈ ಕಾರ್ಯಕ್ರಮಗಳೆಲ್ಲ ಬರೀ ಸುಳ್ಳು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೆ ಕೊನೆಯಲ್ಲಿ ಅವರು ತೋರಿಸುವ ಲೆಕ್ಕವನ್ನು ಗಮನಿಸಿ. ಕಾರಿಗೆ ಕೊಟ್ಟದ್ದು ಇಷ್ಟು, ಬಿಡಿಭಾಗಕ್ಕೆ ಇಷ್ಟು, ಮಾರಿದ್ದು ಇಷ್ಟು, ಲಾಭ ಇಷ್ಟು. ಎಡ್ ಚೈನಾ ದುಡಿದ ಗಂಟೆಗಳ ಕೂಲಿ ಅದರಲ್ಲಿ ಇರುವುದೇ ಇಲ್ಲ! ತೋಟದ ಲೆಕ್ಕ ಬರೆಯುವವರಿಗೆ ಇದು ಕಣ್ಣಿಗೆ ಹೊಡೆಯುತ್ತೆ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರ ಕೂಲಿ, ಸುಲಿಯುವವರ ಕೂಲಿ, ಬೇಯಿಸುವ ಸೌದೆ ಎಲ್ಲ ಬಿಟ್ಟು ಅಡಿಕೆಯ ಲಾಭ ಹೇಳಿದರೆ ಯಾರು ನಂಬುತ್ತಾರೆ? 2017ರಲ್ಲಿ ಎಡ್ ಚೈನಾ ಕಾರ್ಯಕ್ರಮ ಬಿಟ್ಟರು. ವರ್ಕ್‌ಶಾಪಿನ ರಿಪೇರಿಯನ್ನು ವಿವರವಾಗಿ ತೋರಿಸುವುದು ಕಷ್ಟ, ಅದನ್ನು ಕಡಿಮೆ ಮಾಡೋಣ ಅಂತ ಚಾನೆಲ್ಲಿನವರು ಹೊರಟಿದ್ದೇ ಕಾರಣ ಅಂತ ಅವರೇ ಬಹಿರಂಗವಾಗಿ ಹೇಳಿದರು. ಇದ್ದುದರಲ್ಲಿ ಹೆಚ್ಚು ವಿವರ ತೋರಿಸುತ್ತಿದ್ದ ಕಾರ್ಯಕ್ರಮದ ಕಥೆಯೇ ಇದು. ಅಮೆರಿಕದ ಓವರ್‌ಹಾಲಿನ್ ಕಾರ್ಯಕ್ರಮದಲ್ಲಂತೂ ಚಿಪ್ ಫೂಸ್ ತಂಡ ಒಂದು ವಾರದಲ್ಲಿ ಇಡೀ ಕಾರನ್ನು ಹೊಸದು ಮಾಡಿ ಯಜಮಾನರ ಕಣ್ಣಲ್ಲಿ ನೀರು ತರಿಸುತ್ತಿತ್ತು. ಆ ಕೆಲಸ ಸುಳ್ಳಲ್ಲ. ಅಷ್ಟು ಜನ ಕುಶಲಿಗಳು ಹಗಲು-ರಾತ್ರಿ ನಿಂತರೆ ಆಗುತ್ತೆ. ಕೊಟ್ಟಿಗೆಯಲ್ಲಿ ಒಬ್ಬರೇ ಕೂತವರಿಗೆ ಅದು ಅಳತೆಗೋಲಾಗಬಾರದು.

ಇನ್ನೊಂದು ವ್ಯತ್ಯಾಸ ಟಿ.ವಿ.ಯಲ್ಲಿ ಕಂಡರೂ ನಮಗೆ ತಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಎಂಜಿಬಿ ಅನ್ನುವ ಹಳೆ ಸ್ಪೋರ್ಟ್ಸ್ ಕಾರಿನ ಇಡೀ ಬಾಡಿ ಶೆಲ್ಲನ್ನೇ 1988ರಿಂದ ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ಅಲ್ಲಿ ಸಿಲ್ಲು ಹೋದರೆ ಪಾರ್ಟ್ ನಂಬರ್ ಹೇಳಿ ತರಿಸಿಕೊಳ್ಳುತ್ತಾರೆ. ಪದ್ಮಿನಿಗೆ ಆ ಭಾಗ್ಯವಿಲ್ಲ. ಸಿ.ಆರ್. ಶೀಟ್ (ನಯವಾದ ಉಕ್ಕಿನ ತಗಡು) ತಂದು, ರಟ್ಟಿನಲ್ಲಿ ಅಳತೆ ತೆಗೆದು, ಕೊಯ್ದು, ಮಡಿಚಿ, ಬಡಿದು ನಾವೇ ಮಾಡಿಕೊಳ್ಳಬೇಕು. ಉದ್ದದ ಮಡಿಕೆಗಳನ್ನು ನಾನು ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಮಾಡಿಸಿದೆ. ಅಲ್ಲಿ ಬೆಂಡಿಂಗ್ ಮಿಷಿನ್ ಇದೆ, ನಾವು ಕೊಟ್ಟ ರಟ್ಟಿನ ಅಚ್ಚಿನಂತೆಯೇ ಮಡಿಚಿ ಕೊಟ್ಟರು.

ಆಟೋ ಕಾಂಪ್ಲೆಕ್ಸ್‌ನಲ್ಲೇ ನನಗೆ ಟಿಂಕರಿಂಗ್ ಕೆಲಸದ ಭಾಯ್ ಒಬ್ಬರು ಸಿಕ್ಕಿದ್ದು. ಫಿಯೆಟ್ಟು, ಅಂಬಾಸಿಡರ್ರುಗಳ ಕಾಲದಿಂದಲೂ ಗ್ಯಾಸ್ ವೆಲ್ಡಿಂಗ್‌ನಲ್ಲಿ ಕೈ ಪಳಗಿದವರು. ನಾನು ಮಿಷಿನ್ ಕೊಂಡಿದ್ದೇನೆ ಅಂದಾಗ ಅವರು ಮಿಷಿನ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಅಕ್ಕಾ, ಸಿಲ್ಲು ಕೊಯ್ಯೋಕ್ ಮುಂಚೆ ಬಾಗ್ಲಲ್ಲಿ ಪೈಪ್ ಕೊಟ್ಟಿದೀರಾ?"

"ಇನ್ನೂ ಇಲ್ಲ ಭಾಯ್."

"ಹಂಗಾದ್ರೆ ಗ್ರೈಂಡರ್ ಮುಟ್ಬೇಡಿ. ಇದ್ರಲ್ಲಿ ಚಾಸಿ ಬೇರೆ ಇಲ್ಲ, ಬಾಡಿನೇ ಚಾಸಿ. ಸಿಲ್ಲು ತೆಗುದ್ರೆ ಗಾಡಿ ನಡು ಮಧ್ಯ ಕೂತ್ಕೊಳ್ತದೆ. ಆಮೇಲೆ ಬಾಗ್ಲು ಹಾಕಕ್ಕೇ ಆಗಲ್ಲ."

ಈ ಒಂದು ಮಾತು ಮಿಷಿನ್ನಿಗಿಂತ ಬೆಲೆಬಾಳುವಂಥದ್ದು. ಅವರು ಹೇಳಿಕೊಟ್ಟ ಕ್ರಮ ಹೀಗೆ. ಗಾಡಿಯನ್ನು ಜಾಕಿನ ಮೇಲೆ ನಿಲ್ಲಿಸದೆ, ಗಾಲಿಯ ಭಾರ ಎಲ್ಲಿ ಬೀಳುತ್ತೋ ಅಲ್ಲಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಸಮನಾಗಿ ಕೂರಿಸಬೇಕು. ಮುಂದಿನ ಕಂಬದಿಂದ ನಡುವಿನ ಕಂಬಕ್ಕೆ, ಅಲ್ಲಿಂದ ಹಿಂದಿನದಕ್ಕೆ ಕಬ್ಬಿಣದ ಚೌಕ ಪೈಪು ಬೆಸೆದು ಬಾಗಿಲಿನ ಬಾಯಿ ಅಲುಗದಂತೆ ಮಾಡಬೇಕು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದ ಅಳತೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಒಂದು ಪಕ್ಕದ ಸಿಲ್ಲು ಮುಗಿಯುವ ತನಕ ಇನ್ನೊಂದು ಪಕ್ಕ ಮುಟ್ಟಬಾರದು. ಒಮ್ಮೆಗೆ ಗೇಣುದ್ದ ಕೊಯ್ದು, ತುಂಡು ಕೂರಿಸಿ, ಮತ್ತೆ ಅಳತೆ ನೋಡಿ ಮುಂದಕ್ಕೆ. ಟಿ.ವಿ.ಯಲ್ಲಿ ಈ ಘಟ್ಟಕ್ಕೆ ಒಂದು ಹಾಡು ಹಾಕಿ, ಕಿಡಿ ಹಾರುವ ನಾಲ್ಕು ದೃಶ್ಯ ತೋರಿಸಿ, ಬಣ್ಣಕ್ಕೆ ಹಾರುತ್ತಾರೆ. ನನಗೆ ಇಡೀ ಕಾರಿನ ಕೆಲಸದಲ್ಲಿ ಅತಿ ಹೆಚ್ಚು ಕಾಲ ಹಿಡಿದದ್ದೂ, ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ. ಎರಡೂ ಸಿಲ್ಲು ಮುಗಿಸಿ, ಪೈಪು ಕತ್ತರಿಸಿ ತೆಗೆದ ಮೇಲೆ ಬಾಗಿಲು ಟಕ್ ಅಂತ ಮುಚ್ಚಿಕೊಂಡಿತು. ಅತ್ತೆಯವರು ಒಳಮನೆಯಿಂದಲೇ "ಯಾರು ಬಂದ್ರೇ?" ಅಂತ ಕೂಗಿದರು. ಅವರಿಗೆ ಆ ಸದ್ದಿನ ಗುರುತಿತ್ತು.

ಮಿಷಿನ್ನಿಗೆ ಬರುತ್ತೇನೆ. ಬಾಕ್ಸಿನಿಂದ ತೆಗೆದ ಕೂಡಲೇ ಒಳಗಿನ ಪೊಲಾರಿಟಿ, ಅಂದರೆ ಪ್ಲಸ್-ಮೈನಸ್ ಜೋಡಣೆ ನೋಡಿ. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಗೆ ಟಾರ್ಚು ಮೈನಸ್‌ಗೆ, ಗಾಡಿಯ ತಗಡಿಗೆ ಕಚ್ಚಿಸುವ ಅರ್ಥ್ ಕ್ಲ್ಯಾಂಪು ಪ್ಲಸ್‌ಗೆ ಇರಬೇಕು. ಎರಡೂ ಥರ ಬಳಸಬಹುದಾದ ಮಿಷಿನ್‌ಗಳು ಎಷ್ಟೋ ಸಲ ಗ್ಯಾಸಿಗೆ ಹೊಂದುವಂತೆ, ಅಂದರೆ ಉಲ್ಟಾ ಜೋಡಣೆಯಲ್ಲಿ ಬರುತ್ತವೆ. ಹಾಗೇ ಹೊಡೆದರೆ ಕಿಡಿ ಸಿಡಿಯುವುದು ಜಾಸ್ತಿ, ಬೆಸುಗೆ ಮಣಿಮಣಿಯಾಗಿ ಮೇಲೇ ಕೂರುತ್ತೆ. "ಗ್ಯಾಸಿಲ್ಲದ್ದು ಪ್ರಯೋಜನವಿಲ್ಲ" ಅಂತ ಬೈಯುವವರಲ್ಲಿ ಅನೇಕರ ತೊಂದರೆ ಇದೇ ಇರಬಹುದು ಅಂತ ನನ್ನ ಅನುಮಾನ.

ಕಾರಿನ ತಗಡು ಸುಮಾರು 0.8ರಿಂದ 1 ಮಿ.ಮೀ. ದಪ್ಪ. ಅಷ್ಟು ತೆಳುವಿಗೆ ಫ್ಲಕ್ಸ್ ತಂತಿಯ ಬಿಸಿ ಸ್ವಲ್ಪ ಹೆಚ್ಚೇ, ಇದು ಈ ಮಿಷಿನ್ನಿನ ದೊಡ್ಡ ಮಿತಿ. 0.8 ಮಿ.ಮೀ. ತಂತಿ ಹಾಕಿ, 40 ಆಂಪಿಯರ್ ಆಸುಪಾಸಿನಲ್ಲಿಟ್ಟು, ಗೆರೆ ಎಳೆಯದೆ ಚುಕ್ಕೆ ಇಡುತ್ತಾ ಹೋಗಬೇಕು. ಇಲ್ಲೊಂದು, ಅಂಗೈ ದೂರದಲ್ಲಿ ಇನ್ನೊಂದು, ಮತ್ತೆ ಹಿಂದೆ ಬಂದು ಮತ್ತೊಂದು. ಒಂದೇ ಕಡೆ ಬಿಸಿ ಕೂಡಿದರೆ ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತೆ, ಇಲ್ಲವೇ ತೂತು ಬೀಳುತ್ತೆ. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿಹಿಡಿದರೆ ಅದು ಬಿಸಿ ಹೀರಿಕೊಳ್ಳುತ್ತೆ, ಬೆಸುಗೆಯೂ ಅದಕ್ಕೆ ಅಂಟುವುದಿಲ್ಲ. ಗುಜರಿಯಲ್ಲಿ ಸಿಕ್ಕ ಹಳೆ ತಾಮ್ರದ ಹಂಡೆಯ ತುಂಡನ್ನು ಸಪಾಟಾಗಿ ಬಡಿಸಿಕೊಂಡಿದ್ದೇನೆ. ಇಡೀ ಕೆಲಸದಲ್ಲಿ ಅದರಷ್ಟು ಉಪಕಾರ ಮಾಡಿದ ಸಾಮಾನು ಇಲ್ಲ. ಕೈ ಪಳಗುವ ತನಕ ಹಳೆ ಬಾಗಿಲಿನ ತಗಡಿನ ಮೇಲೇ ಅಭ್ಯಾಸ ಮಾಡಿ, ಗಾಡಿ ಕಾಯುತ್ತೆ.

ಕರೆಂಟಿನ ಸಂಗತಿ ನಮ್ಮ ಕಡೆಯವರು ಗಮನಿಸಲೇಬೇಕು. ಫಲಕದ ಮೇಲೆ 220 ವೋಲ್ಟ್, ಹೆಚ್ಚು-ಕಡಿಮೆ ಶೇ. 15 ಅಂತ ಬರೆದಿದ್ದರೆ, ಸುಮಾರು 187 ವೋಲ್ಟಿನವರೆಗೆ ಮಿಷಿನ್ ತಡೆಯುತ್ತೆ ಅಂತ ಅರ್ಥ. ಪಂಪ್‌ಸೆಟ್‌ಗಳು ಓಡುವ ಹೊತ್ತು, ಸಂಜೆ ದೀಪ ಹತ್ತುವ ಹೊತ್ತು ನಮ್ಮಲ್ಲಿ ಅದಕ್ಕೂ ಕೆಳಗಿಳಿಯುತ್ತೆ. ಆಗ ತಂತಿ ಕರಗುವ ಬದಲು ತಗಡನ್ನು ಚುಚ್ಚಿ ಟಾರ್ಚನ್ನೇ ಹಿಂದಕ್ಕೆ ತಳ್ಳುತ್ತೆ. ಮಲ್ಟಿಮೀಟರ್ ಹಚ್ಚಿ ನೋಡಿ, ವೋಲ್ಟೇಜ್ ಇದ್ದಾಗ ಮಾತ್ರ ಕೆಲಸ ಮಾಡಿ. ಮಧ್ಯಾಹ್ನದ ಊಟದ ಹೊತ್ತು ನನಗೆ ಒಳ್ಳೆಯದು ಅನ್ನಿಸಿತು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಎಳೆಯುವುದಾದರೆ 2.5 ಚದರ ಮಿ.ಮೀ.ಗಿಂತ ಸಣ್ಣ ವೈರು ಬೇಡ, ಮತ್ತೆ ಅದನ್ನು ಸುರುಳಿ ಸುತ್ತಿಟ್ಟು ಬಳಸಬೇಡಿ, ಕಾಯುತ್ತೆ.

ದೂರು ಏನೂ ಇಲ್ಲವೇ ಅಂದರೆ ಇದೆ. ಪ್ರತಿ ಚುಕ್ಕೆಯ ಮೇಲೂ ಕಿಟ್ಟ ಕೂರುತ್ತೆ, ಅದನ್ನು ತಂತಿ ಬ್ರಷ್‌ನಿಂದ ಉಜ್ಜದೆ ಮುಂದಿನ ಚುಕ್ಕೆ ಇಟ್ಟರೆ ಬೆಸುಗೆ ಹಿಡಿಯುವುದಿಲ್ಲ. ಸಿಡಿದ ಕಣಗಳು ಗಾಜಿಗೆ ಬಿದ್ದರೆ ಗಾಜು ಹಾಳು, ಕಾರಿನ ಗಾಜಿಗೆಲ್ಲ ಒದ್ದೆ ಗೋಣಿ ಹೊದಿಸಿದ್ದೆ. ಜೊತೆಗೆ ಕೊಡುವ ಅರ್ಥ್ ಕ್ಲ್ಯಾಂಪು ಲಡ್ಡು, ಅದನ್ನು ಮೊದಲೇ ಬದಲಾಯಿಸಿ. ಡ್ಯೂಟಿ ಸೈಕಲ್ ಶೇ. 60 ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಉರಿಸಬಹುದು. ಚುಕ್ಕೆ ಕೆಲಸಕ್ಕೆ ಅದು ತೊಂದರೆ ಕೊಡಲಿಲ್ಲ. ಬಾಗಿಲಿನ ಹೊರಮೈ, ಬಾನೆಟ್ಟು ಇಂಥ ಕಣ್ಣಿಗೆ ಕಾಣುವ ಅಗಲ ತಗಡಿಗೆ ಮಾತ್ರ ಇದು ಸಲ್ಲದು. ಅವನ್ನು ಭಾಯ್ ಹತ್ತಿರವೇ ಮಾಡಿಸಿದೆ. ಸುತ್ತಿಗೆ, ಡಾಲಿ (ತಗಡಿನ ಹಿಂಬದಿಗೆ ಒತ್ತಿಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಅವರು ಬಡಿದ ಬಾಗಿಲಿನ ಮೇಲೆ ಪುಟ್ಟಿ ಹೆಸರಿಗೆ ಮಾತ್ರ ಬಿತ್ತು. ಆ ಕೈಗೆ ಕೇಳಿದಷ್ಟು ಕೂಲಿ ಕೊಡಲು ನನಗೆ ಸ್ವಲ್ಪವೂ ಬೇಜಾರಿಲ್ಲ.

ಬೆಸುಗೆ ಮುಗಿದ ಮೇಲೆ ಸಂದುಗೊಂದಿನಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿದೆ. ಟ್ಯಾನಿಕ್ ಆಮ್ಲ ಇರುವಂಥದ್ದನ್ನೇ ಕೇಳಿ. ಕೆಂಪು ತುಕ್ಕು ಅದರ ಜೊತೆ ಸೇರಿ ಕಪ್ಪು ಪದರವಾಗಿ ಗಟ್ಟಿಯಾಗುತ್ತೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಚೊಗರು (ಅಡಿಕೆಯ ಒಗರು ರಸ) ತಾಗಿ ಕಪ್ಪಾಗುವುದೂ ಇದೇ ಕ್ರಿಯೆ, ಚೊಗರಿನಲ್ಲಿರುವುದೂ ಟ್ಯಾನಿನ್ನೇ. ಹಾಗಾದರೆ ಚೊಗರನ್ನೇ ಬಳಿದರಾಯಿತಲ್ಲ ಅಂತ ಮೈದುನನ ಮಗ ಕೇಳಿದ. ಬೇಡ. ಅದರ ಅಂಟಿನ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಅಂಗಡಿಯದರಲ್ಲಿ ಟ್ಯಾನಿನ್ ಜೊತೆಗೆ ಪದರ ಕಟ್ಟುವ ಪಾಲಿಮರ್ ಕೂಡ ಇರುತ್ತೆ. ಸಡಿಲ ತುಕ್ಕನ್ನು ಬ್ರಷ್ ಹಾಕಿ ತೆಗೆದ ಮೇಲೆ ಮಾತ್ರ ಹಚ್ಚಿ. ತೂತು ಬಿದ್ದ ತಗಡಿಗೆ ಯಾವ ದ್ರಾವಣವೂ ಆಗುವುದಿಲ್ಲ, ಕೊಯ್ಯಲೇಬೇಕು.

ಕಾಲದ ಲೆಕ್ಕ ಕೇಳುವವರಿಗೆ: ನಮ್ಮ ತೋಟ ಬಿಟ್ಟಾಗ ಕಾರು. ಅಕ್ಟೋಬರ್‌ನಿಂದ ಜನವರಿಯವರೆಗೆ ಕೊಯ್ಲು, ಸುಲಿತ, ಬೇಯಿಸುವುದು. ಜೂನ್‌ನಲ್ಲಿ ಕೊಳೆ ಔಷಧಿ. ಮಳೆಗಾಲದಲ್ಲಿ ಕೊಯ್ದ ತಗಡಿನ ಬಾಯಿ ಒಂದೇ ರಾತ್ರಿಗೆ ಕೆಂಪಾಗುತ್ತೆ, ವೆಲ್ಡಿಂಗ್ ಮುಟ್ಟುವ ಹಾಗಿಲ್ಲ. ಉಳಿಯುವುದು ಫೆಬ್ರವರಿಯಿಂದ ಮೇ. ಆ ನಾಲ್ಕು ತಿಂಗಳಲ್ಲೂ ಮದುವೆ, ಉಪನಯನ, ನೆಂಟರು. ಹಾಗಾಗಿ ಈ ಕೆಲಸ ವರ್ಷಗಳ ಮೇಲೆ ನಡೆಯುತ್ತೆ. ನಡೆಯಲಿ. ಆಮೇಲೆ ಆರ್‌ಸಿ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಅಲ್ಲಿಂದ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಮೂಲರೂಪ ಬದಲಾಗದ ಕಾರಿಗೆ ವಾರ್ಷಿಕ ತಪಾಸಣೆಯ ಕಡ್ಡಾಯವೇ ಇಲ್ಲ. ಟಿ.ವಿ.ಯಲ್ಲಿ ನೋಡಿದ್ದನ್ನು ಇಲ್ಲಿಗೆ ತರುವಾಗ ಇದನ್ನೂ ಸೇರಿಸಿಕೊಳ್ಳಿ.

ಮನೆಯಲ್ಲಿ ಹಳೆ ಮಹೀಂದ್ರಾ ಜೀಪು ಇರುವವರಿಗೆ ಈ ಮಿಷಿನ್ ಇನ್ನೂ ಸಲೀಸು. ಜೀಪಿಗೆ ಚಾಸಿ ಬೇರೆ, ಮೇಲಿನ ಟಬ್ಬು ಬೇರೆ. ತಳ ಕೊಯ್ದರೂ ಗಾಡಿ ಸೊಟ್ಟಗಾಗುವ ಭಯ ಕಡಿಮೆ, ತಗಡು ಸಪಾಟು, ದಪ್ಪವೂ ಹೆಚ್ಚು. ಮೊದಲ ಸಲ ಕೈಹಾಕುವವರು ಜೀಪಿನಿಂದ ಶುರು ಮಾಡಿದರೆ ಒಳ್ಳೆಯದು. ಸಿನಿಮಾ ಕಾರಿನಂಥ ಹೊಳಪು ಬೇಕು, ಬೇಗ ಬೇಕು ಅನ್ನುವವರು ಮಿಷಿನ್ ದುಡ್ಡನ್ನು ಒಳ್ಳೆ ಟಿಂಕರಿಂಗ್‌ನವರಿಗೆ ಕೊಡಿ.

ಕೊನೆಗೆ, ಜೀವದ ವಿಷಯ. ಪೆಟ್ರೋಲ್ ಟ್ಯಾಂಕು ಬಿಚ್ಚಿ ಕೊಟ್ಟಿಗೆಯಿಂದ ಹೊರಗೆ ದೂರ ಇಡಿ, ಬ್ಯಾಟರಿ ಕಳಚಿ, ಕಾರ್ಪೆಟ್ಟು-ಸೀಟು ತೆಗೆಯಿರಿ. ಸುತ್ತಲಿನ ದರಗು (ಒಣ ಎಲೆ), ಅಡಿಕೆ ಸಿಪ್ಪೆ ಗುಡಿಸಿ ಬಕೆಟ್ ನೀರು ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ. ಪಾಲಿಯೆಸ್ಟರ್ ಸೀರೆ, ನೈಟಿ ಉಟ್ಟು ವೆಲ್ಡಿಂಗ್‌ಗೆ ಕೂರಬೇಡಿ. ದಪ್ಪ ಹತ್ತಿಯ ಪ್ಯಾಂಟು-ಶರ್ಟು, ಚರ್ಮದ ಗ್ಲೌಸು, ತಾನಾಗಿ ಕಪ್ಪಾಗುವ ಹೆಲ್ಮೆಟ್ಟು ಬೇಕು. ಜಿ.ಐ. ಶೀಟ್ ಬೆಸೆಯುವುದಿದ್ದರೆ ಸತುವಿನ ಪದರ ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತೆ.

ಅಂಗಡಿಯಲ್ಲಿ ಕೇಳಬೇಕಾದದ್ದು: ಪೊಲಾರಿಟಿ ಬದಲಿಸಲು ಬರುತ್ತಾ, ಕನಿಷ್ಠ ಎಷ್ಟು ಆಂಪಿಯರ್‌ಗೆ ಇಳಿಯುತ್ತೆ, ರಿಪೇರಿ ಶಿವಮೊಗ್ಗದಲ್ಲೇ ಆಗುತ್ತಾ. 0.8ರ ಕಾಂಟ್ಯಾಕ್ಟ್ ಟಿಪ್ಪುಗಳನ್ನು (ಟಾರ್ಚಿನ ತುದಿಯಲ್ಲಿ ತಂತಿ ಹೊರಬರುವ ಮೂತಿ) ಹೆಚ್ಚಿಗೆ ತಂದಿಟ್ಟುಕೊಳ್ಳಿ, ಬೇಗ ಸವೆಯುತ್ತವೆ. ಫ್ಲಕ್ಸ್ ತಂತಿ 1 ಕೆ.ಜಿ. ಸುರುಳಿಗಿಂತ ದೊಡ್ಡದು ಬೇಡ. ಥಂಡಿ ಹೀರಿದರೆ ಬೆಸುಗೆ ಕೆಡುತ್ತೆ, ಮಳೆ ಶುರುವಾಗುವ ಮೊದಲು ಮಿಷಿನ್ನಿನಿಂದ ಬಿಚ್ಚಿ ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿಡಿ.